ಅಂಗಾರಕನಿಂದ ಹ್ಯಾಲಿಯವರೆಗೆ: ಮಾಳಿಗೆಯ ಮೇಲೊಂದು ಅಕ್ಷರದಾಟ

ರಾಯಚೂರಿನ ಬೇಸಿಗೆಯಲ್ಲಿ ರಾತ್ರಿ ಕರೆಂಟ್ ಹೋದರೆ ಮನೆಮಂದಿಯೆಲ್ಲ ಮಾಳಿಗೆ ಹತ್ತುತ್ತಾರೆ. ರಜೆಗೆ ಬಂದ ಮಕ್ಕಳು ಅಲ್ಲಿ ಅಕ್ಷರದಾಟ ಶುರುಮಾಡುತ್ತಾರೆ: ಸರದಿಯಂತೆ ವರ್ಣಮಾಲೆಯ ಒಂದೊಂದು ಅಕ್ಷರಕ್ಕೆ ಬಾಹ್ಯಾಕಾಶದಲ್ಲಿರುವ ಒಂದು ವಸ್ತುವಿನ ಹೆಸರು ಹೇಳಬೇಕು. ಒಳ್ಳೆಯ ಆಟ. ಆದರೆ ಬಹಳಷ್ಟು ಕಡೆ ‘ಕ’ ಸಾಲು ದಾಟುವ ಮೊದಲೇ ಜಗಳವಾಗಿ ಮುಗಿಯುತ್ತದೆ. ನಿಯಮ ಮಾತಾಡಿಕೊಳ್ಳದೆ ಕೂರುವುದೇ ಅದಕ್ಕೆ ಕಾರಣ.

ಮೊದಲು ಎರಡು ಗುಂಪು ಮಾಡಿ. ಅಂಕಗಳಿಗೆ ಹುರಿದ ಶೇಂಗಾ ಸಾಕು.

ಆಮೇಲೆ ಅಕ್ಷರಗಳನ್ನು ಸೋಸಿ. 49 ಅಕ್ಷರಗಳನ್ನೂ ಆಡಿಯೇ ತೀರುತ್ತೇವೆ ಎಂಬ ಹಟ ಬೇಡ. ಙ, ಞ, ಣ, ಳ ಅಕ್ಷರಗಳನ್ನು ಯೋಚಿಸದೆ ಬಿಡಿ. ಋ, ಖ, ಘ, ಛ, ಝ, ಠ, ಢ, ಷ ಕೂಡ ಹೋಗಲಿ. ಇ–ಈ, ಉ–ಊ ಥರದ ಜೋಡಿಗಳನ್ನು ಒಂದೇ ಮನೆಯಾಗಿಸಿ. ಉಲ್ಕೆ ಅಂದರೂ ಸರಿ, ಸೌರವ್ಯೂಹದ ಹೊರ ಅಂಚಿನ ಊರ್ಟ್ ಮೋಡ ಅಂದರೂ ಸರಿ. ಒತ್ತಕ್ಷರ ಬಂದರೆ ಮೊದಲ ವ್ಯಂಜನವೇ ಲೆಕ್ಕ. ಪ್ಲೂಟೊ ‘ಪ’ಕ್ಕೆ, ಗುರುವಿನ ಉಪಗ್ರಹ ಗ್ಯಾನಿಮೀಡ್ ‘ಗ’ಕ್ಕೆ, ಕ್ಷೀರಪಥ ‘ಕ’ಕ್ಕೆ. ‘ಥ’ ಕೇಳಿ ಹೆದರಬೇಡಿ, ಗುರುಗ್ರಹಕ್ಕೆ ಥೀಬೆ ಎಂಬ ಪುಟ್ಟ ಉಪಗ್ರಹವಿದೆ. ‘ಫ’ ಮತ್ತು ‘ಡ’ಗಳಿಗೆ ಮಂಗಳನ ಇಬ್ಬರು ಚಂದ್ರರಿದ್ದಾರೆ: ಫೋಬೋಸ್, ಡೀಮೋಸ್.

ಅಕ್ಷರಗಳನ್ನು ಬರೆಯಲು ಹಳೆಯ ಲಗ್ನಪತ್ರಿಕೆಗಳನ್ನು ಕತ್ತರಿಸಿಕೊಳ್ಳಿ. ಅಂಗಡಿಯಲ್ಲಿ ಸಿಗುವ ಬಣ್ಣದ ಕಾರ್ಡುಗಳಿಗೆ ದುಡ್ಡು ಸುರಿಯಬೇಡಿ. ನಾನು ನೋಡಿದವೆಲ್ಲ ಇಂಗ್ಲಿಷ್ ಪಟ್ಟಿಯನ್ನೇ ಕನ್ನಡ ಲಿಪಿಗೆ ಇಳಿಸಿದವು. ಉಂಗುರವನ್ನೂ ಶನಿಯೊಬ್ಬನಿಗೇ ತೊಡಿಸಿರುತ್ತಾರೆ. ಗುರು, ಯುರೇನಸ್, ನೆಪ್ಚೂನ್‌ಗಳಿಗೂ ಉಂಗುರಗಳಿವೆ.

ಇನ್ನು ಆಟ ಕೆಡುವ ಜಾಗಕ್ಕೆ ಬರೋಣ: ಯಾವ ಉತ್ತರವನ್ನು ಒಪ್ಪಬೇಕು, ಯಾವುದನ್ನು ಬಿಡಬೇಕು? ಹೇಳಿದ್ದು ವಸ್ತುವಾಗಿರಬೇಕು, ಮತ್ತು ಅದು ಈ ಹೊತ್ತು ಮೇಲೆ ಇರಬೇಕು. ಈ ಎರಡು ಮಾತನ್ನು ಎಲ್ಲರ ಬಾಯಲ್ಲೂ ಒಮ್ಮೆ ಹೇಳಿಸಿಯೇ ಮುಂದುವರಿಯಿರಿ.

ವಸ್ತು ಎಂದಮೇಲೆ ‘ಆಕಾಶ’, ‘ಅಂತರಿಕ್ಷ’ ಎನ್ನುವವರಿಗೆ ಶೇಂಗಾ ಇಲ್ಲ. ರಾಹು, ಕೇತು ಎಂದ ಕೂಡಲೇ ಗಲಾಟೆ ಏಳುವುದು ಖಂಡಿತ. ಅವು ಆಕಾಶಕಾಯಗಳಲ್ಲ, ಚಂದ್ರನ ಪಥವು ಸೂರ್ಯನ ತೋರಿಕೆಯ ಪಥವನ್ನು ಕತ್ತರಿಸುವ ಎರಡು ಬಿಂದುಗಳು. ಪಂಚಾಂಗದಲ್ಲಿ ಇರಲಿ, ನಮ್ಮ ಆಟದಲ್ಲಿ ಬೇಡ. ಕೇತು ಎಂದರೆ ಧೂಮಕೇತುವೇ ಎಂದು ವಾದಿಸುವವರು ‘ಧ’ ಬರುವವರೆಗೆ ಕಾಯಲಿ. ಪ್ಲೂಟೊವನ್ನು ತೆಗೆದುಹಾಕಿದ್ದಾರೆ ಎಂದು ಶಾಲೆಯ ಮಕ್ಕಳು ತಕರಾರು ಎತ್ತುತ್ತಾರೆ. 2006ರಲ್ಲಿ ಹೋದದ್ದು ಗ್ರಹ ಎಂಬ ಪಟ್ಟ ಮಾತ್ರ, ಪ್ಲೂಟೊ ಅಲ್ಲೇ ಇದೆ. ಶೇಂಗಾ ಕೊಡಿ.

ಈ ಹೊತ್ತು ಮೇಲಿರಬೇಕು ಎಂಬ ಮಾತು ಮನುಷ್ಯ ಹಾರಿಸಿದ ವಸ್ತುಗಳಿಗಾಗಿ. ‘ಆ’ ಬಂದ ತಕ್ಷಣ ದೊಡ್ಡವರು ಹೆಮ್ಮೆಯಿಂದ ಆರ್ಯಭಟ ಎನ್ನುತ್ತಾರೆ. 1975ರಲ್ಲಿ ಹಾರಿದ ಆ ಉಪಗ್ರಹ 1992ರಲ್ಲಿ ವಾತಾವರಣಕ್ಕೆ ಮರಳಿತು, ಹಾಗಾಗಿ ಸಲ್ಲದು. ರಷ್ಯಾದ ಮಿರ್ ನಿಲ್ದಾಣವೂ 2001ರಲ್ಲಿ ಬಿತ್ತು. 1977ರಲ್ಲಿ ಹೊರಟ ವಾಯೇಜರ್ ನೌಕೆ ಸಲ್ಲುತ್ತದೆ. 2023ರ ಆಗಸ್ಟ್ 23ರಂದು ಚಂದ್ರನ ಮೇಲೆ ಇಳಿದ ನಮ್ಮ ವಿಕ್ರಮ್ ಲ್ಯಾಂಡರ್ ಅಲ್ಲೇ ಕುಳಿತಿದೆ, ಅದೂ ಸಲ್ಲುತ್ತದೆ.

ಪ್ರತಿ ಗುಂಪಿನಲ್ಲೂ ಹೊಲ ಮಾಡಿದ ಒಬ್ಬ ಅಜ್ಜನೋ ಅಜ್ಜಿಯೋ ಇರಲೇಬೇಕು. ವಿಜ್ಞಾನ ಪುಸ್ತಕ ಓದಿದ ಹುಡುಗರು ‘ಭ’ಕ್ಕೆ ಭೂಮಿ ಎಂದು ಹೇಳಿ ಸುಮ್ಮನಾಗುವಾಗ ಅಜ್ಜಿ ಭರಣಿ ಎನ್ನುತ್ತಾರೆ. ‘ರ’ಕ್ಕೆ ರೋಹಿಣಿ, ‘ಮ’ಕ್ಕೆ ಮೃಗಶಿರ, ‘ಹ’ಕ್ಕೆ ಹಸ್ತ. ಅವು ಮಳೆಯ ಹೆಸರುಗಳಲ್ಲವೇ ಎಂದು ಮಕ್ಕಳು ನಗುತ್ತಾರೆ. ನಗಲಿ, ಎಲ್ಲವೂ ಮೇಲಿರುವ ನಕ್ಷತ್ರಗಳೇ. ಸಿಂಧನೂರಿನ ರೈತರು ಕಾಯುವ ಆರಿದ್ರಾ ಮಳೆಗೆ ಹೆಸರು ಕೊಟ್ಟದ್ದು ಬೀಟಲ್‌ಜ್ಯೂಸ್ ಎಂಬ ಕೆಂಪು ಮಹಾದೈತ್ಯ ನಕ್ಷತ್ರ. ಸೂರ್ಯ ಆ ನಕ್ಷತ್ರದ ಭಾಗಕ್ಕೆ ಬಂದಾಗ ಸುರಿಯುವುದು ಆ ಮಳೆ. ಆದ್ದರಿಂದ ಮಳೆಯ ದಿನಗಳಲ್ಲಿ ಅದೇ ಹೆಸರಿನ ನಕ್ಷತ್ರ ರಾತ್ರಿ ಕಾಣುವುದಿಲ್ಲ. ಮೇ ಕೊನೆಯಲ್ಲಿ ರೋಹಿಣಿ ಮಳೆ ಬರುತ್ತದೆ, ರೋಹಿಣಿಯನ್ನು ರಾತ್ರಿಯಿಡೀ ನೋಡಲು ಡಿಸೆಂಬರ್‌ವರೆಗೆ ಕಾಯಬೇಕು. ಉಚ್ಚಾರದ ತಕರಾರು ಮಾತ್ರ ಎತ್ತಬೇಡಿ. ಪಂಚಾಂಗದ ಪುಬ್ಬಾ ಅಜ್ಜಿಯ ಬಾಯಲ್ಲಿ ಹುಬ್ಬಿಯಾದರೆ ‘ಹ’ಕ್ಕೇ ಬರೆದುಕೊಳ್ಳಿ.

ಆಡುವುದು ಸುಲಭ. ಚೀಟಿ ಎತ್ತಿ, ಇಪ್ಪತ್ತು ಎಣಿಸುವುದರೊಳಗೆ ಹೆಸರು ಹೇಳಿ. ತಪ್ಪಿದರೆ ಸರದಿ ಎದುರು ಗುಂಪಿಗೆ. ಮೊಬೈಲ್‌ಗಳೆಲ್ಲ ದಿಂಬಿನ ಕೆಳಗಿರಲಿ, ಪರೀಕ್ಷಿಸಲು ಒಂದೇ ಸಾಕು, ಅದೂ ಸುತ್ತು ಮುಗಿದ ಮೇಲೆ. ಸೂರ್ಯ, ಚಂದ್ರ, ಭೂಮಿಗಳನ್ನು ನಿಷೇಧಿಸಿದರೆ ಆಟ ಇನ್ನೂ ರಂಗೇರುತ್ತದೆ.

ಹೇಳಿದ ನಕ್ಷತ್ರವನ್ನು ಬೆರಳಿಟ್ಟು ತೋರಿಸಿದವರಿಗೆ ದುಪ್ಪಟ್ಟು ಶೇಂಗಾ. ಮೇ ತಿಂಗಳ ರಾತ್ರಿ ಒಂಬತ್ತರ ಹೊತ್ತಿಗೆ ಉತ್ತರಕ್ಕೆ ಮುಖಮಾಡಿ ಸಪ್ತರ್ಷಿ ಮಂಡಲ ಹುಡುಕಿ. ಅದರ ಬಾಲ ಬಾಗಿದ ಕಡೆಗೇ ಕಣ್ಣು ಹಾಯಿಸಿದರೆ ಕಿತ್ತಳೆ ಛಾಯೆಯ ಸ್ವಾತಿ ಸಿಗುತ್ತದೆ. ಅದೇ ಬಾಗಿನಲ್ಲಿ ಇನ್ನಷ್ಟು ಮುಂದೆ ಹೋದರೆ ತುಸು ನೀಲಿಯಾಗಿ ಹೊಳೆಯುವುದು ಚಿತ್ತೆ.