ಯಾವ ಕೋಚನ್ನು ಕಳಿಸಬಾರದಿತ್ತು? ಈ ಜಗಳಕ್ಕೆ ನಾನು ಪಂಚಾಯ್ತಿ ಮಾಡುವ ರೀತಿ

ನಮ್ಮೂರ ಫುಟ್‌ಬಾಲ್ ಕ್ಲಬ್ ಬೆಂಗಳೂರು ಎಫ್‌ಸಿಯ ಅಭಿಮಾನಿಗಳು ನಾಲ್ಕು ಜನ ಸೇರಿದರೆ ಎರಡು ವಿಷಯಕ್ಕೆ ಜಗಳ ಗ್ಯಾರಂಟಿ. ಒಂದು, ಛೆಟ್ರಿ ಆದ ಮೇಲೆ ಯಾರು? ಇನ್ನೊಂದು, ಯಾವ ಕೋಚನ್ನು ಕಳಿಸಬಾರದಿತ್ತು? ಮೊದಲನೆಯದಕ್ಕೆ ಯಾರ ಹತ್ತಿರವೂ ಉತ್ತರ ಇಲ್ಲ, ಹಾಗಾಗಿ ಅದು ಬೇಗ ಮುಗಿಯುತ್ತದೆ. ಎರಡನೆಯದಕ್ಕೆ ಎಲ್ಲರ ಹತ್ತಿರವೂ ಉತ್ತರ ಇದೆ. ಪಂದ್ಯ ಮುಗಿಸಿ ಕಂಠೀರವದಿಂದ ಹೊರಗೆ ಬಂದು ಕಾಫಿಗೆ ನಿಂತಾಗ ಶುರುವಾದ ಮಾತು, ಅಂಗಡಿಯವರು ಲೋಟ ಎತ್ತಿಕೊಂಡು ಹೋದರೂ ನಿಲ್ಲುವುದಿಲ್ಲ. ನಮ್ಮ ಗುಂಪಿನಲ್ಲಿ ಪಂಚಾಯ್ತಿ ಮಾಡುವ ಕೆಲಸ ಹೇಗೋ ನನ್ನ ತಲೆಗೆ ಬಂತು.

ನಾನು ಮೊದಲು ಮಾಡುವುದು ಪಟ್ಟಿ ಸೋಸುವ ಕೆಲಸ. ಹೊಸಬರು ಬಂದ ಕೂಡಲೇ ಆಶ್ಲಿ ವೆಸ್ಟ್‌ವುಡ್, ಆಲ್ಬರ್ಟ್ ರೋಕಾ ಹೆಸರು ತೆಗೆಯುತ್ತಾರೆ. ವೆಸ್ಟ್‌ವುಡ್ ಆಗಿನ ದೊಡ್ಡ ರಾಷ್ಟ್ರೀಯ ಲೀಗ್ ಆಗಿದ್ದ ಐ-ಲೀಗನ್ನು ಎರಡು ಸಲ ಗೆದ್ದುಕೊಟ್ಟು 2016ರಲ್ಲಿ ಹೊರಟರು. ರೋಕಾ ಅದೇ ವರ್ಷ ಏಷ್ಯಾದ ಕ್ಲಬ್‌ಗಳ ಎಎಫ್‌ಸಿ ಕಪ್ ಫೈನಲ್‌ವರೆಗೆ ಕರೆದುಕೊಂಡು ಹೋದರು, 2018ರಲ್ಲಿ ಸೂಪರ್ ಕಪ್ ಗೆದ್ದು ತಾವಾಗಿಯೇ ಬಿಟ್ಟರು. ಹೋದದ್ದಕ್ಕೆ ಬೇಜಾರು ಎಲ್ಲರಿಗೂ ಇದೆ. ಆದರೆ ಸೀಸನ್ ಮಧ್ಯದಲ್ಲಿ ಯಾರೂ ಅವರನ್ನು ಮನೆಗೆ ಕಳಿಸಲಿಲ್ಲವಲ್ಲ. ಮಾರ್ಕೊ ಪೆಜಯುವೋಲಿ ಪರವಾಗಿ ವಾದ ಮಾಡಿದವರನ್ನು ನಾನಿನ್ನೂ ನೋಡಿಲ್ಲ. ಉಳಿಯುವುದು ಇಬ್ಬರೇ: 2021ರ ಜನವರಿಯಲ್ಲಿ ಕಾರ್ಲೆಸ್ ಕ್ವಾಡ್ರಾಟ್, 2023ರ ಡಿಸೆಂಬರ್‌ನಲ್ಲಿ ಸೈಮನ್ ಗ್ರೇಸನ್.

ಆಮೇಲೆ ಮಾತನ್ನು ಎರಡು ಸುತ್ತು ಮಾಡುತ್ತೇನೆ. ಮೊದಲ ಸುತ್ತಿನಲ್ಲಿ, ಕಳಿಸಿದ ದಿನ ಎಲ್ಲರಿಗೂ ಗೊತ್ತಿದ್ದದ್ದು ಮಾತ್ರ ಹೇಳಬೇಕು. ಆಮೇಲೆ ಏನಾಯ್ತು ಅನ್ನುವುದು ಎರಡನೇ ಸುತ್ತಿಗೆ. ಇಷ್ಟು ಮಾಡದೇ ಇದ್ದರೆ ಎಲ್ಲರೂ ಕಥೆಯ ಕೊನೆ ನೋಡಿ ಮೊದಲ ಪುಟಕ್ಕೆ ತೀರ್ಪು ಕೊಡುತ್ತಾರೆ. ಯಾರಾದರೂ ಒಪ್ಪದಿದ್ದರೆ ಇಂಗ್ಲೆಂಡಿನ ಲೆಸ್ಟರ್ ಕ್ಲಬ್‌ನ ಉದಾಹರಣೆ ಕೊಡುತ್ತೇನೆ. ಪ್ರೀಮಿಯರ್ ಲೀಗ್ ಗೆದ್ದು ಒಂಬತ್ತು ತಿಂಗಳಿಗೆ, 2017ರ ಫೆಬ್ರವರಿಯಲ್ಲಿ, ಕೋಚ್ ರನಿಯೇರಿಯನ್ನು ತೆಗೆದರು. ಜಗತ್ತೇ ಬೈಯಿತು. ಆದರೆ ಹೊಸ ಕೋಚ್ ಕೈಕೆಳಗೆ ತಂಡ ಲೀಗ್‌ನಲ್ಲಿ ಸತತ ಐದು ಪಂದ್ಯ ಗೆದ್ದಿತು. ಮನಸ್ಸಿಗೆ ಕೆಟ್ಟದಾದರೂ ಲೆಕ್ಕಕ್ಕೆ ಸರಿಹೋಯ್ತು. ಕಳಿಸಿದ ರೀತಿ ಬೇರೆ, ಅದರಿಂದ ಆದ ನಷ್ಟ ಬೇರೆ, ಅಲ್ವಾ?

ಈಗ ಕ್ವಾಡ್ರಾಟ್ ವಿಷಯ. ನಮ್ಮಲ್ಲಿ ಅತಿ ಹೆಚ್ಚು ಹೊತ್ತು ಹಿಡಿಯುವುದು ಇದೇ. ರೋಕಾಗೆ ಸಹಾಯಕನಾಗಿದ್ದವರು, 2018-19ರಲ್ಲಿ ಮುಖ್ಯ ಕೋಚ್ ಆದರು. ಅದೇ ಸೀಸನ್‌ನಲ್ಲಿ ಇಂಡಿಯನ್ ಸೂಪರ್ ಲೀಗ್ (ಐಎಸ್‌ಎಲ್) ಪಟ್ಟಿಯಲ್ಲಿ ಮೊದಲ ಸ್ಥಾನ, ಮುಂಬೈಯಲ್ಲಿ ನಡೆದ ಫೈನಲ್‌ನಲ್ಲಿ ಗೋವಾ ವಿರುದ್ಧ 1-0 ಗೆಲುವು. ಹೆಚ್ಚುವರಿ ಸಮಯ ಮುಗಿಯುತ್ತಾ ಬಂದಿದೆ, ಪೆನಾಲ್ಟಿಗೆ ಎಲ್ಲರೂ ಮನಸ್ಸು ಗಟ್ಟಿ ಮಾಡಿಕೊಂಡಿದ್ದಾರೆ, ಆಗ ಕಾರ್ನರ್‌ಗೆ ರಾಹುಲ್ ಭೆಕೆ ತಲೆ ಕೊಟ್ಟ. ಈ ಗೋಲನ್ನು ನೆನಪಿಸಿದರೆ ವಾದ ಅಲ್ಲಿಗೇ ಕೆಡುತ್ತದೆ, ಎಲ್ಲರೂ ಕಣ್ಣು ಒರೆಸಿಕೊಳ್ಳುತ್ತಾರೆ. ಅದಕ್ಕೇ ಮೊದಲ ಸುತ್ತಿನಲ್ಲಿ ಗೋಲುಗಳ ವಿಡಿಯೊ ತೋರಿಸುವುದಕ್ಕೆ ನಿಷೇಧ.

"ಮಗಾ, ಸತತ ಮೂರು ಸೋಲು. ಇನ್ನೇನು ಪೂಜೆ ಮಾಡ್ಬೇಕಿತ್ತಾ?" ಅಂತ ಒಬ್ಬ ಯಾವಾಗಲೂ ಶುರು ಮಾಡುತ್ತಾನೆ. ಆಗ ನಾನು ಮೊಬೈಲ್ ತೆಗೆದು ಆ ಸೀಸನ್‌ನ ಪಂದ್ಯಗಳನ್ನು ಒಂದೊಂದಾಗಿ ಓದಿಸುತ್ತೇನೆ. ಒಂಬತ್ತು ಪಂದ್ಯ. ಮೊದಲ ಆರರಲ್ಲಿ ಸೋಲೇ ಇಲ್ಲ: ಮೂರು ಗೆಲುವು, ಮೂರು ಡ್ರಾ. ಆಮೇಲೆ ಮೂರು ಸೋಲು: ಎಟಿಕೆ ಮೋಹನ್ ಬಾಗಾನ್ ಎದುರು 1-0, ಜಮ್ಶೆಡ್‌ಪುರ ಎದುರು 1-0, ಮುಂಬೈ ಸಿಟಿ ಎದುರು 3-1. ಮುಂಬೈ ಪಂದ್ಯ ಮುಗಿದ ಮಾರನೇ ದಿನವೇ ಕೋಚ್ ಇಲ್ಲ. ಆ ಮೂರು ತಂಡಗಳಲ್ಲಿ ಎರಡು ಆ ವರ್ಷದ ಫೈನಲ್ ಆಡಿದವು. ಇದು ಎರಡನೇ ಸುತ್ತಿಗೆ ಸೇರಿದ ಮಾತು ಅಂತ ಆಕ್ಷೇಪ ಬರುತ್ತದೆ. ಒಪ್ಪುತ್ತೇನೆ. ಆದರೆ ಮುಂಬೈ ಆಗಲೇ ಎಲ್ಲರನ್ನೂ ಹೊಡೆದು ಹಾಕುತ್ತಿತ್ತು ಅನ್ನುವುದು ಅವತ್ತಿಗೂ ಗೊತ್ತಿದ್ದದ್ದೇ.

ಕ್ಲಬ್‌ನವರ ಕಡೆಯಿಂದಲೂ ಒಂದು ಮಾತಿತ್ತು. ಕ್ಲಬ್ ನಂಬಿದ ಆಟದ ದಾರಿಯಿಂದ ತಂಡ ದೂರ ಸರಿದಿದೆ ಅಂತ. ಅದು ಪೂರ್ತಿ ಸುಳ್ಳಲ್ಲ. ಆ ವರ್ಷದ ಆಟ ನೋಡಲು ಖುಷಿ ಕೊಡುತ್ತಿರಲಿಲ್ಲ. ಚೆಂಡು ಸೈಡಿಗೆ ಹೋಗಿ, ಲಾಂಗ್ ಥ್ರೋ, ಕಾರ್ನರ್, ಅಷ್ಟೇ. ಜೊತೆಗೆ ಗೋವಾದಲ್ಲಿ ಖಾಲಿ ಸ್ಟೇಡಿಯಂ, ಕೋವಿಡ್ ಕಾಲದ ಬಬಲ್. ಆಟಗಾರರ ಮೇಲೂ ಕೋಚ್ ಮೇಲೂ ಅದರ ಭಾರ ಇತ್ತು.

ನನ್ನ ಪ್ರಶ್ನೆ ಇದ್ದದ್ದು ಒಂದೇ. ಅವತ್ತು ಮುಂದಿನವರು ಯಾರು ಅಂತ ಸಿದ್ಧವಿತ್ತಾ? ಇರಲಿಲ್ಲ. ನೌಶಾದ್ ಮೂಸಾ ಹಂಗಾಮಿಯಾಗಿ ಸೀಸನ್ ಮುಗಿಸಿದರು. ಒಂಬತ್ತು ಪಂದ್ಯಕ್ಕೆ 12 ಅಂಕ ಇದ್ದ ತಂಡ ಉಳಿದ ಹನ್ನೊಂದರಲ್ಲಿ 10 ಅಂಕ ಮಾಡಿ ಏಳನೇ ಸ್ಥಾನಕ್ಕೆ ಬಂತು. ಐಎಸ್‌ಎಲ್‌ಗೆ ಬಂದ ಮೇಲೆ ಮೊದಲ ಸಲ ಪ್ಲೇಆಫ್, ಅಂದರೆ ಲೀಗ್ ಆದ ಮೇಲಿನ ನಾಕೌಟ್ ಹಂತ, ತಪ್ಪಿತು. ಮೂಸಾ ಅವರನ್ನು ದೂರಿ ಪ್ರಯೋಜನವಿಲ್ಲ. ಮಧ್ಯದಲ್ಲಿ ಕೈಗೆ ಕೊಟ್ಟ ಗಾಡಿ ಅದು.

ಗ್ರೇಸನ್ ಕಥೆ ಬೇಗ ಮುಗಿಯುತ್ತದೆ. ಒಂದೇ ಸೀಸನ್‌ನಲ್ಲಿ ಡ್ಯುರಾಂಡ್ ಕಪ್ ಗೆಲುವು, ಐಎಸ್‌ಎಲ್ ಫೈನಲ್, ಸೂಪರ್ ಕಪ್ ಫೈನಲ್. ಮುಂದಿನ ಸೀಸನ್‌ನಲ್ಲಿ ಕಂಠೀರವದಲ್ಲೇ ಮುಂಬೈ ಎದುರು 4-0 ಸೋಲು. ಅಲ್ಲಿಯವರೆಗೆ ಲೀಗ್‌ನಲ್ಲಿ ಗೆದ್ದದ್ದು ಒಂದೇ ಪಂದ್ಯ. ಕಳಿಸಿದ ತಿಂಗಳಲ್ಲೇ ಜೆರಾರ್ಡ್ ಜರಗೋಜಾ ಬಂದರು. ಆ ವರ್ಷ ಹತ್ತನೇ ಸ್ಥಾನ, ಅದರ ಮುಂದಿನ ವರ್ಷ ಫೈನಲ್. ಇದು ನೋವಿನ ವಿದಾಯ, ಆದರೆ ಪಶ್ಚಾತ್ತಾಪದ ಪಟ್ಟಿಯಲ್ಲಿ ನಾನು ಇದನ್ನು ಮೇಲೆ ಇಡುವುದಿಲ್ಲ. ನಮ್ಮಲ್ಲಿ ಇಬ್ಬರು ಇದಕ್ಕೆ ಇಂದಿಗೂ ನನ್ನ ಮೇಲೆ ಸಿಟ್ಟಾಗಿದ್ದಾರೆ.

ಎರಡನೇ ಸುತ್ತಿನಲ್ಲಿ ಕ್ವಾಡ್ರಾಟ್ ಪರ ಇರುವವರು ಕೊನೆಯ ಅಸ್ತ್ರ ತೆಗೆಯುತ್ತಾರೆ: 2024ರ ಜನವರಿಯಲ್ಲಿ ಈಸ್ಟ್ ಬೆಂಗಾಲ್‌ಗೆ ಸೂಪರ್ ಕಪ್ ಗೆದ್ದುಕೊಟ್ಟರಲ್ಲ! ಅದಕ್ಕೆ ಉತ್ತರವೂ ಅದೇ ವರ್ಷ ಇದೆ. ಸೆಪ್ಟೆಂಬರ್‌ನಲ್ಲಿ ಅವರ ಈಸ್ಟ್ ಬೆಂಗಾಲ್ ಕಂಠೀರವಕ್ಕೆ ಬಂದು ನಮ್ಮ ಹುಡುಗ ವಿನೀತ್ ವೆಂಕಟೇಶ್ ಹೊಡೆದ ಒಂದೇ ಗೋಲಿಗೆ ಸೋತಿತು. ಲೀಗ್‌ನ ಮೊದಲ ಮೂರು ಪಂದ್ಯ ಸೋತು ಆ ತಿಂಗಳ ಕೊನೆಗೆ ಅವರು ಅಲ್ಲಿಂದಲೂ ಹೊರಟರು. ಹಾಗಾಗಿ ಬೇರೆ ಕ್ಲಬ್‌ನ ಲೆಕ್ಕವನ್ನು ನಾನು ಎರಡೂ ಕಡೆಯವರಿಗೂ ಕೊಡುವುದಿಲ್ಲ. ನನ್ನ ಮತ ಕ್ವಾಡ್ರಾಟ್‌ಗೇ, ಆದರೆ ಕಾರಣ ಆ ಏಳನೇ ಸ್ಥಾನ, ಈ ಸೂಪರ್ ಕಪ್ ಅಲ್ಲ.