ಕಾವಿನ ಕೊನೆಯ ಮೂರು ದಿನ: ಗೂಡಿಗೆ ಕೈ ಹಾಕಿದ ನನ್ನ ಅನುಭವ

ಕಾವಿಗೆ ಕೂತ ಹೇಟೆಯ ಗೂಡಿಗೆ ಕೊನೆಯ ದಿನಗಳಲ್ಲಿ ಕೈ ಹಾಕಬಾರದು ಎಂಬ ಮಾತನ್ನು ಕೋಳಿ ಸಾಕುವವರೆಲ್ಲರೂ ಕೇಳಿರುತ್ತಾರೆ. ನಾನು ಕೈ ಹಾಕುತ್ತೇನೆ ಎಂದಾಗ ನನಗಿಂತ ಹೆಚ್ಚು ವರ್ಷ ಕೋಳಿ ಸಾಕಿದವರು, "ಅದರ ಕೆಲಸ ಅದಕ್ಕೆ ಗೊತ್ತು, ನೀನು ದೂರ ಇರು" ಎಂದೇ ಹೇಳಿದ್ದರು. ಈಗ ಅವರಲ್ಲೇ ಕೆಲವರು ಕಾವಿನ 18ನೆಯ ದಿನಕ್ಕೆ ಸರಿಯಾಗಿ ನನಗೆ ಹೇಳಿಕಳುಹಿಸುತ್ತಾರೆ. ಮೊದಲೆಲ್ಲ ನನ್ನ ಗೂಡಿನಲ್ಲಿ 10 ಮೊಟ್ಟೆ ಇಟ್ಟರೆ ಐದಾರು ಮರಿ ಸಿಗುತ್ತಿದ್ದವು. ಈಚಿನ ಕಾವುಗಳಲ್ಲಿ ಎಂಟಕ್ಕೆ ಕಡಿಮೆಯಾದದ್ದು ನೆನಪಿಲ್ಲ.

ಚಿಪ್ಪಿನೊಳಗೇ ಸತ್ತ ಮರಿಯನ್ನು ಒಂದು ಮೊಟ್ಟೆಯ ನಷ್ಟವೆಂದು ಬರೆದುಕೊಳ್ಳುವವರಿದ್ದಾರೆ. ಆ ಲೆಕ್ಕವನ್ನು ನಾನು ಒಪ್ಪುವುದಿಲ್ಲ. ಕಾವಿಗೆ ಕೂತ ಹೇಟೆ 21 ದಿನ ಮೊಟ್ಟೆ ಇಡುವುದಿಲ್ಲ. ಮರಿಗಳನ್ನು ಮೇಯಿಸುವ ವಾರಗಳೂ ಅದಕ್ಕೆ ಸೇರಿದರೆ ಎರಡು ತಿಂಗಳ ಆದಾಯ ನಿಂತಂತೆಯೇ. ಆ ಎರಡು ತಿಂಗಳ ಮೊಟ್ಟೆ, ಕಾಳು, ಗೂಡಿನ ಜಾಗ ಎಲ್ಲವನ್ನೂ ಬದುಕಿ ಬಂದ ಮರಿಗಳ ಮೇಲೆ ಹಂಚಿ ನೋಡಿದಾಗ, ಐದು ಮರಿ ಬಂದ ಕಾವಿನಲ್ಲಿ ನನಗೆ ಉಳಿದದ್ದು ಏನೂ ಇರಲಿಲ್ಲ. ಏಳನೆಯ ಮರಿಯಿಂದಾಚೆಗೆ ಬಂದದ್ದೇ ಲಾಭ. ಇನ್‌ಕ್ಯುಬೇಟರ್ ಕೊಳ್ಳುವಂತೆ ಹೇಳಿದವರೂ ಇದ್ದರು. ಅದರ ಬೆಲೆಯಲ್ಲಿ ನಾಲ್ಕೈದು ಒಳ್ಳೆಯ ಹೇಟೆಗಳು ಬರುವಾಗ, ಹೇಟೆ ಪುಕ್ಕಟೆಯಾಗಿ ಮಾಡುವ ಕೆಲಸಕ್ಕೆ ಹಣ ಹಾಕಲು ನನಗೆ ಮನಸ್ಸಾಗಲಿಲ್ಲ.

ಮರಿ ಬಾರದೆ ಉಳಿದ ಮೊಟ್ಟೆಗಳನ್ನು ಎಸೆಯದೆ ಒಂದೊಂದನ್ನೂ ಒಡೆದು ನೋಡುತ್ತಾ ಬಂದೆ. ಗೊಡ್ಡು ಮೊಟ್ಟೆಗಳು ಕಡಿಮೆ. ಹೆಚ್ಚಿನವುಗಳಲ್ಲಿ ತುಪ್ಪುಳ ಪೂರ್ತಿಯಾಗಿ ಬಂದ, ಕೊಕ್ಕು ಗಾಳಿಕೋಣೆಯನ್ನು (ಮೊಟ್ಟೆಯ ದಪ್ಪ ತುದಿಯೊಳಗಿನ ಗಾಳಿ ತುಂಬಿದ ಜಾಗ) ತಲುಪಿದ ಮರಿಯೇ ಇರುತ್ತಿತ್ತು. ಒಳಪೊರೆ ಮಾತ್ರ ಬಿಳಿಚಿ, ಕಾಗದದಂತೆ ಒಣಗಿ, ಮರಿಯ ಬೆನ್ನಿಗೂ ರೆಕ್ಕೆಗೂ ಬಿಗಿಯಾಗಿ ಅಂಟಿಕೊಂಡಿರುತ್ತಿತ್ತು. ಚಿಪ್ಪಿನಲ್ಲಿ ಒಂದು ಕುಕ್ಕು (ಮರಿ ಒಳಗಿನಿಂದ ಕುಟ್ಟಿದ ಮೊದಲ ತೂತು) ಬಿದ್ದ ಮೇಲೆ ಮರಿ ಒಳಗೇ ಸುತ್ತು ತಿರುಗುತ್ತಾ ಚಿಪ್ಪನ್ನು ಕತ್ತರಿಸಿಕೊಂಡು ಬರಬೇಕು. ಪೊರೆ ಅಂಟಿಕೊಂಡರೆ ಅದು ತಿರುಗಲಾರದು. ನನ್ನ ಗೂಡುಗಳೆಲ್ಲ ಹಲಗೆಯ ಪೆಟ್ಟಿಗೆಗಳು, ಮೇಲೆ ಒಣಹುಲ್ಲು. ಕಾವು ಸಾಲದೆ ಅಲ್ಲ, ಪಸೆ ಸಾಲದೆ ಮರಿಗಳು ಸಾಯುತ್ತಿದ್ದವು.

ಮೊದಲು ಎಲ್ಲರೂ ಹೇಳುವಂತೆ ಮೊಟ್ಟೆಗಳ ಮೇಲೆ ನೀರು ಚಿಮುಕಿಸಿ ನೋಡಿದೆ. ಹೇಟೆಯ ಮೈಯ ಬಿಸಿಗೆ ಆ ನೀರು ಗಂಟೆಯೊಳಗೆ ಆರಿಹೋಗುತ್ತಿತ್ತು, ಮೊಟ್ಟೆ ತಣ್ಣಗಾದದ್ದಷ್ಟೇ ಉಳಿಯುತ್ತಿತ್ತು. ಒದ್ದೆ ಬಟ್ಟೆಯನ್ನು ಪೆಟ್ಟಿಗೆಯ ಬದಿಗೆ ಇಟ್ಟಾಗ ಹೇಟೆ ಅದನ್ನು ಕಾಲಿನಿಂದ ಕೆದರಿ ಹೊರಗೆ ಹಾಕಿತು, ಹುಲ್ಲಿಗೆ ಬೂಷ್ಟು ಬಂತು. ಹೊಳೆ ಮರಳಿನ ಹಾಸನ್ನೂ ಪರೀಕ್ಷಿಸಿದೆ. ಮರಳು ನೀರನ್ನು ಬೇಗ ಕುಡಿದು ಬೇಗ ಬಿಟ್ಟುಬಿಡುತ್ತದೆ, ಕೊನೆಯ ದಿನದವರೆಗೆ ತೇವ ಉಳಿಯುವುದಿಲ್ಲ. ಇವುಗಳಿಗಾಗಿ ಎರಡು ಮೂರು ಕಾವುಗಳ ಮರಿಗಳು ಹೋದವು.

ಕೆಲಸ ಮಾಡಿದ್ದು ಮಣ್ಣಿನ ಹಾಸು. ಕಾವಿಗೆ ಕೂರಿಸುವ ಮೊದಲೇ ಪೆಟ್ಟಿಗೆಯ ತಳದಲ್ಲಿ ನಾಲ್ಕು ಬೆರಳು ದಪ್ಪ ಮಣ್ಣು ಹಾಕಿ, ನಡುವೆ ಬಟ್ಟಲಿನಂತೆ ಗುಳಿ ಮಾಡಿ, ಅದರ ಮೇಲೆ ಹುಲ್ಲು ಹಾಸುತ್ತೇನೆ. ಒಂದು ಮೂಲೆಯಲ್ಲಿ ಮಣ್ಣಿನೊಳಗೆ ಇಳಿಯುವಂತೆ ಸಣ್ಣ ಕೊಳವೆಯೊಂದನ್ನು ನೆಟ್ಟಿರುತ್ತೇನೆ. 18ನೆಯ ದಿನದವರೆಗೆ ಅದಕ್ಕೆ ನೀರು ಹಾಕಕೂಡದು. ಮೊದಲ ದಿನಗಳಲ್ಲಿ ಮೊಟ್ಟೆ ತನ್ನ ತೂಕದಲ್ಲಿ ನೂರಕ್ಕೆ ಹನ್ನೆರಡು ಹದಿಮೂರು ಪಾಲು ನೀರು ಕಳೆದುಕೊಳ್ಳಲೇಬೇಕು, ಇಲ್ಲದಿದ್ದರೆ ಗಾಳಿಕೋಣೆ ಚಿಕ್ಕದಾಗಿ ಮರಿ ಒಳಗಿನ ದ್ರವದಲ್ಲೇ ಉಸಿರುಕಟ್ಟುತ್ತದೆ. 18ನೆಯ ದಿನದ ಸಂಜೆ ಟಾರ್ಚಿಗೆ ಹಿಡಿದು, ಗಾಳಿಕೋಣೆ ಮೊಟ್ಟೆಯ ಮೂರನೆಯ ಒಂದು ಪಾಲಿನಷ್ಟು ಬೆಳೆದಿರುವುದನ್ನು ಕಂಡ ಮೇಲೆ, ಉಗುರುಬೆಚ್ಚಗಿನ ನೀರನ್ನು ಕೊಳವೆಯಲ್ಲಿ ಒಂದು ಲೋಟ ಬಿಡುತ್ತೇನೆ, ಮುಂದಿನ ಎರಡು ದಿನ ಅರ್ಧರ್ಧ ಲೋಟ. ಮಣ್ಣನ್ನು ಮುಷ್ಟಿಯಲ್ಲಿ ಹಿಂಡಿದರೆ ಉಂಡೆಯಾಗಬೇಕು, ನೀರು ಜಿನುಗಬಾರದು. ಮಣ್ಣಿಗೆ ನಾನು ಇನ್ನೊಂದು ವಸ್ತುವನ್ನೂ ಬೆರೆಸುತ್ತೇನೆ. ಅದರಿಂದ ಕೊಳೆ ವಾಸನೆ ಬರುವುದಿಲ್ಲ. ಅದೇನೆಂಬುದನ್ನು ಸದ್ಯಕ್ಕೆ ಇಲ್ಲಿ ಬರೆಯುವುದಿಲ್ಲ.

ಅದೇ ಸಂಜೆ ಹೇಟೆಯನ್ನು ಕೊನೆಯ ಬಾರಿಗೆ ಎತ್ತುತ್ತೇನೆ. ಎತ್ತುವ ಮುನ್ನ ಎರಡೂ ರೆಕ್ಕೆಗಳ ಕೆಳಗೆ ಬೆರಳಾಡಿಸಲೇಬೇಕು, ಏಕೆಂದರೆ ಒಂದೆರಡು ಮೊಟ್ಟೆಗಳು ರೆಕ್ಕೆಯ ಸಂದಿಯಲ್ಲಿ ಸಿಕ್ಕಿಕೊಂಡು ಮೇಲೆ ಬಂದು ಉಳಿದವುಗಳ ಮೇಲೆ ಬೀಳುತ್ತವೆ. ಹೊರಗೆ ಬಿಟ್ಟು ಕಾಳು ತಿನ್ನಿಸಿ, ಕಾವಿನ ಕೋಳಿಯ ಆ ದೊಡ್ಡ ಹಿಕ್ಕೆ ಗೂಡಿನಾಚೆ ಬಿದ್ದದ್ದನ್ನು ನೋಡಿದ ಮೇಲೆಯೇ ಒಳಗೆ ಬಿಡುತ್ತೇನೆ. ಮುಂದೆ ಅದು ತಾನಾಗಿ ಏಳುವುದು ಅಪರೂಪ. ಆದ್ದರಿಂದ ನೀರು ಮತ್ತು ಇಡೀ ಕಾಳು ಕೊಕ್ಕಿಗೆ ನಿಲುಕುವಲ್ಲಿರಬೇಕು. ಹಿಟ್ಟಿನ ಆಹಾರ ಕೊಟ್ಟರೆ ಹಿಕ್ಕೆ ತೆಳುವಾಗಿ ಗೂಡು ಕೆಡುತ್ತದೆ.

ನೀರಿನಲ್ಲಿ ತೇಲಿಸಿ ಜೀವ ನೋಡುವ ಪರೀಕ್ಷೆಯನ್ನೂ ನಡುವೆ ಮಾಡಿದೆ. ಕುಕ್ಕು ಬೀಳದ ಮೊಟ್ಟೆಯನ್ನು ಮೈಬಿಸಿಯಷ್ಟಿರುವ ನೀರಿನಲ್ಲಿ ಬಿಟ್ಟು ಸುಮ್ಮನೆ ನೋಡುತ್ತಿದ್ದರೆ, ಬದುಕಿರುವ ಮರಿ ಅಲುಗಿದಾಗ ಮೊಟ್ಟೆಯೂ ತೂಗುತ್ತದೆ. ತೂಗಿದವು ಬಹುಪಾಲು ಮರಿಯಾದವು, ಆದರೆ ತೂಗದವುಗಳಲ್ಲೂ ಮರಿ ಬಂದಿವೆ, ಹಾಗಾಗಿ ಆ ಪರೀಕ್ಷೆಯನ್ನು ನಂಬಿ ಮೊಟ್ಟೆ ಎಸೆಯುವುದು ಸರಿಯಲ್ಲ. ಕಿವಿಗೆ ಹಿಡಿದು ಕೇಳುವುದೇ ಮೇಲು. 20ನೆಯ ದಿನಕ್ಕೆ ಒಳಗಿನಿಂದ ಟಿಕ್ ಟಿಕ್ ಸಪ್ಪಳವೂ ಸಣ್ಣ ಚಿಂವ್ ದನಿಯೂ ಬರುತ್ತವೆ, ಹೇಟೆಯೂ ತಗ್ಗಿದ ದನಿಯಲ್ಲಿ ಉತ್ತರಿಸುತ್ತದೆ.

ಕುಕ್ಕು ಬಿದ್ದ ಕೂಡಲೇ ಚಿಪ್ಪು ಬಿಡಿಸಲು ಹೋಗುವವರಿಗೆ ನಾನು ಹೇಳುವುದು ಒಂದೇ: ಆ ಹೊತ್ತಿನಲ್ಲಿ ಮರಿ ಸುಮ್ಮನೆ ಕೂತಂತೆ ಕಂಡರೂ ಪೊರೆಯ ನಾಳಗಳಲ್ಲಿರುವ ರಕ್ತವನ್ನೂ ಉಳಿದ ಹಳದಿಯನ್ನೂ ಒಳಕ್ಕೆ ಎಳೆದುಕೊಳ್ಳುತ್ತಿರುತ್ತದೆ, ಅದಕ್ಕೆ 12 ಗಂಟೆಯಿಂದ ಒಂದು ಇಡೀ ದಿನದವರೆಗೆ ಬೇಕು. 24 ಗಂಟೆ ಕಳೆದೂ ತೂತು ದೊಡ್ಡದಾಗದಿದ್ದರೆ ಮಾತ್ರ ನಾನು ಮೊಟ್ಟೆಯನ್ನು ಕೈಗೆ ತೆಗೆದುಕೊಳ್ಳುತ್ತೇನೆ. ತೂತಿನ ಅಂಚಿನ ಪೊರೆಗೆ ಸಣ್ಣ ಕುಂಚದಿಂದ ಬೆಚ್ಚಗಿನ ನೀರು ಸವರಿದರೆ ಅದು ಪಾರದರ್ಶಕವಾಗುತ್ತದೆ. ಕೆಂಪು ದಾರದೆಳೆಗಳು ಕಂಡರೆ ರಕ್ತ ಇನ್ನೂ ಹರಿಯುತ್ತಿದೆಯೆಂದೇ ಅರ್ಥ, ಮೊಟ್ಟೆಯನ್ನು ತೂತು ಮೇಲಾಗಿ ಮರಳಿ ಇಟ್ಟುಬಿಡುತ್ತೇನೆ. ಎಳೆಗಳಿಲ್ಲದಿದ್ದರೆ ಗಾಳಿಕೋಣೆಯ ಅಂಚಿನಲ್ಲಷ್ಟೇ ಚಿಪ್ಪಿನ ಚೂರುಗಳನ್ನು ಉಗುರಿನಿಂದ ಎತ್ತುತ್ತಾ, ಮರಿ ತಾನೇ ಕತ್ತರಿಸಬೇಕಿದ್ದ ಗೆರೆಯನ್ನು ಬಿಡಿಸಿ, ಮೂಗಿನ ಹೊಳ್ಳೆ ತೆರವಾದದ್ದನ್ನು ನೋಡಿ ನಿಲ್ಲಿಸುತ್ತೇನೆ. ಹಿಂಭಾಗದ ಚಿಪ್ಪನ್ನು ಮರಿಯೇ ಒದ್ದು ಬಿಡಬೇಕು, ಎಳೆದು ತೆಗೆದರೆ ಹೊಕ್ಕುಳು ಕಿತ್ತು ಬರುತ್ತದೆ. ಚೂಪು ತುದಿಯಲ್ಲಿ ಕುಕ್ಕು ಬಿದ್ದ ಮೊಟ್ಟೆಗಳನ್ನು ಮಾತ್ರ ಬೇರೆಯಾಗಿ ಗುರುತಿಸಿಟ್ಟು ಹೆಚ್ಚು ಗಮನಿಸುತ್ತೇನೆ. ಅಲ್ಲಿ ಮರಿಯ ತಲೆ ಗಾಳಿಕೋಣೆಗೆ ದೂರವಾಗಿರುತ್ತದೆ.

ಬರಿದಾದ ಚಿಪ್ಪುಗಳನ್ನು ರಾತ್ರಿ ತೆಗೆಯುತ್ತಿರಬೇಕು, ಏಕೆಂದರೆ ಅರೆಚಿಪ್ಪು ಇನ್ನೊಂದು ಮೊಟ್ಟೆಯ ಮೇಲೆ ಟೋಪಿಯಾಗಿ ಕೂತರೆ ಒಳಗಿನ ಮರಿ ಹೊರಗೆ ಬರಲಾರದು.

ಉಳಿದದ್ದು ತಡವಾಗುವ ಮೊಟ್ಟೆಗಳ ಸಮಸ್ಯೆ. ಮೊದಲ ಮರಿಗಳು ಓಡಾಡತೊಡಗಿದರೆ ಹೇಟೆ ಅವುಗಳ ಹಿಂದೆ ಎದ್ದುಹೋಗುತ್ತದೆ, ಜೀವವಿದ್ದ ಮೊಟ್ಟೆಗಳು ತಣ್ಣಗಾಗುತ್ತವೆ. ಮರಿಗಳಿಗೆ ಒಳಗೆ ಎಳೆದುಕೊಂಡ ಹಳದಿಯಿಂದ ಎರಡು ದಿನ ಮೇವಿಲ್ಲದೆಯೂ ನಡೆಯುತ್ತದೆಯಾದ್ದರಿಂದ, ಗೂಡಿಗೆ ಗೋಣಿಯ ಪರದೆ ಕಟ್ಟಿ ಕತ್ತಲು ಮಾಡಿ ಹೇಟೆಯನ್ನು ಇನ್ನೊಂದು ದಿನ ಹಿಡಿದಿಡುತ್ತೇನೆ. ಇದಕ್ಕೂ ಮೇಲಾದ ದಾರಿಯೆಂದರೆ ಎರಡು ಹೇಟೆಗಳನ್ನು ಎರಡು ಮೂರು ದಿನಗಳ ಅಂತರದಲ್ಲಿ ಕೂರಿಸುವುದು. ಮೊದಲನೆಯದರ ತಡವಾದ ಮೊಟ್ಟೆಗಳು ಎರಡನೆಯದರ ಕೆಳಗೆ ಹೋಗುತ್ತವೆ. ಎಲ್ಲ ಮರಿಗಳೂ ಬಂದ ಮೇಲೆ ರಾತ್ರಿಯ ಹೊತ್ತು ಎರಡನೆಯದರ ಮರಿಗಳನ್ನು ಮೊದಲನೆಯದರ ಹೊಟ್ಟೆಯಡಿಗೆ ಸೇರಿಸುತ್ತೇನೆ, ಹೇಟೆ ದೊಡ್ಡದಾಗಿದ್ದರೆ ಹದಿನೈದು ಹದಿನಾರು ಮರಿಗಳನ್ನು ಸಾಕುತ್ತದೆ. ಎರಡನೆಯ ಹೇಟೆಯನ್ನು ಮತ್ತೆ ಕಾವಿಗೆ ಕೂರಿಸುವ ಆಸೆ ಬೇಡ, ಅದು ಆಗಲೇ ತೂಕ ಕಳೆದುಕೊಂಡಿರುತ್ತದೆ. ಗೂಡಿನಿಂದ ಬಿಡಿಸಿ ಚೆನ್ನಾಗಿ ಮೇಯಿಸಿದರೆ ಮೂರು ನಾಲ್ಕು ವಾರಗಳಲ್ಲಿ ಮೊಟ್ಟೆಗೆ ಮರಳುತ್ತದೆ, ಮರಿ ಮೇಯಿಸುವ ಅಷ್ಟೂ ವಾರಗಳ ಮೊಟ್ಟೆ ನನಗೆ ಉಳಿಯುತ್ತದೆ.