ಹಣ ಜಮೆಯಾಗುವವರೆಗೆ ಅಡಿಕೆ ನನ್ನದೇ: ನನ್ನ ಅನುಭವ

ಲಾರಿಗೆ ಹೇರಿದ ಅಡಿಕೆಯ ಒಡೆತನವನ್ನು ಹಣ ಬರುವವರೆಗೆ ನನ್ನಲ್ಲೇ ಉಳಿಸಿಕೊಂಡು ಮಾರುತ್ತೇನೆ ಎಂದಾಗ, ಶಿರಸಿ ಪೇಟೆಯ ಹಿರಿಯ ದಲಾಲರೊಬ್ಬರು "ತಮ್ಮಾ, ಹಾಗೆಂದರೆ ನಿನ್ನ ಮಾಲನ್ನು ಉತ್ತರದವರು ಮುಟ್ಟುವುದಿಲ್ಲ" ಎಂದಿದ್ದರು. ಆಮೇಲಿನ ನಾಲ್ಕು ವರ್ಷಗಳಲ್ಲಿ ನಲವತ್ತಕ್ಕೂ ಹೆಚ್ಚು ಲೋಡು ಇದೇ ಕ್ರಮದಲ್ಲಿ ಹೋಗಿವೆ, ಒಂದರ ಹಣವೂ ಮುಳುಗಿಲ್ಲ.

ಈ ದಾರಿ ಹಿಡಿಯುವ ಮೊದಲು ಎರಡು ಪೆಟ್ಟು ತಿಂದಿದ್ದೇನೆ. ಮೊದಲನೆಯದು ನೂರು ಕ್ವಿಂಟಲ್ ರಾಶಿ, ಅಂದರೆ ಬೇಯಿಸಿ ಒಣಗಿಸಿದ ಕೆಂಪಡಿಕೆ, ಆಗಿನ ದರದಲ್ಲಿ 35 ಲಕ್ಷದ ಆಸುಪಾಸು. ಎಂದಿನಂತೆ ಖರೀದಿದಾರರ ಹೆಸರಿಗೇ ಬಿಲ್ಟಿ (ಲಾರಿಯವರು ಮಾಲಿಗೆ ಕೊಡುವ ರಸೀದಿ) ಮಾಡಿಸಿದ್ದೆ. ಮಾಲು ಇಳಿದ ಎರಡನೆಯ ವಾರ ಅವರು ದಿವಾಳಿಯೆದ್ದರು. ನನ್ನ ಗುರುತಿದ್ದ ಚೀಲಗಳು ಕಣ್ಣೆದುರಿಗಿದ್ದರೂ ಒಂದನ್ನೂ ತರಲಾಗಲಿಲ್ಲ. 1930ರ ಸರಕು ಮಾರಾಟ ಕಾಯ್ದೆಯ 23ನೇ ಕಲಮಿನಂತೆ, ಒಪ್ಪಿದ ಮಾಲನ್ನು ಬೇರ್ಪಡಿಸಿ ಯಾವ ಹಕ್ಕನ್ನೂ ಕಾಯ್ದಿರಿಸದೆ ಸಾಗಣೆದಾರನಿಗೆ ಒಪ್ಪಿಸಿದಾಗಲೇ, ಅಂದರೆ ಶಿರಸಿಯಲ್ಲೇ, ಒಡೆತನ ದಾಟಿಹೋಗಿತ್ತು. ಮಾಲು ದಾರಿಯಲ್ಲಿದ್ದಾಗ ದಿವಾಳಿಯ ಸುದ್ದಿ ತಿಳಿದಿದ್ದರೆ ತಡೆಯಬಹುದಿತ್ತು. ಗೋದಾಮಿಗೆ ಇಳಿದ ಮೇಲೆ ಆ ಹಕ್ಕೂ ಇರಲಿಲ್ಲ. ಮೂರು ವರ್ಷ ಅಲೆದು ಪಡೆದದ್ದು ಎಂಟೊಂಬತ್ತು ಲಕ್ಷ.

ಅನಂತರ 25ನೇ ಕಲಮನ್ನು ನಂಬಿ, ಪೂರ್ತಿ ಹಣ ಬರುವವರೆಗೆ ಮಾಲು ನಮ್ಮದೇ ಎಂಬ ಸಾಲನ್ನು ಬಿಲ್ಲಿನಲ್ಲಿ ಅಚ್ಚು ಹಾಕಿಸಿದೆ. ಆ ಆಷಾಢದಲ್ಲಿ ಲಾರಿಯ ತಾಡಪಾಲು ಹರಿದು ಮೂವತ್ತು ಚೀಲ ನೆನೆದು ಬೂಸ್ಟು ಹಿಡಿದಾಗ, ಖರೀದಿದಾರರು ನನ್ನದೇ ಸಾಲನ್ನು ನನಗೆ ತೋರಿಸಿದರು: 26ನೇ ಕಲಮಿನಂತೆ ಒಡೆತನ ಯಾರದೋ ನಷ್ಟದ ಹೊಣೆಯೂ ಅವರದೇ. ವಿಮೆ ಅವರ ಖರ್ಚೆಂದು ತಿಳಿದು ನಾನು ಮಾಡಿಸಿರಲಿಲ್ಲ. ಏಳು ಲಕ್ಷ ಹೋಯಿತು.

ಪರಿಹಾರ ಆ 26ನೇ ಕಲಮಿನ ಮೊದಲ ಮಾತಿನಲ್ಲೇ ಇತ್ತು. ಬೇರೆ ಒಪ್ಪಂದವಿಲ್ಲದಿದ್ದರೆ ಮಾತ್ರ ಹೊಣೆ ಒಡೆತನದ ಜೊತೆಗಿರುತ್ತದೆ. ಆದ್ದರಿಂದ ಈಗ ಲಾರಿ ತುಂಬುವ ಮೊದಲೇ ಸಹಿ ಮಾಡಿಸುವ ಸೌದಾ ಪತ್ರದಲ್ಲಿ ಎರಡನ್ನೂ ಬಿಡಿಸಿ ಬರೆಯುತ್ತೇನೆ: ಲಾರಿ ಹೊರಟ ಕ್ಷಣದಿಂದ ನಷ್ಟದ ಹೊಣೆ ಕೊಳ್ಳುವವರದು, ಹಣ ಜಮೆಯಾದ ಮೇಲೆಯೇ ಒಡೆತನ ಅವರದು. ಆದರೂ ಬರಿಯ ಬರಹವನ್ನು ನಾನು ನಂಬುವುದಿಲ್ಲ. ಮಾಲು ಅವರ ವಶಕ್ಕೆ ಹೋದ ಮೇಲೆ, ವಿಷಯ ತಿಳಿಯದ ಮೂರನೆಯವರಿಗೆ ಮಾರಿಬಿಟ್ಟರೆ, 30ನೇ ಕಲಂ ಆ ಮೂರನೆಯವರನ್ನೇ ಕಾಯುತ್ತದೆ. ಅದಕ್ಕಾಗಿ ಬಿಲ್ಟಿಯನ್ನು ಸ್ವಂತ ಹೆಸರಿಗೆ ಮಾಡಿಸಿ ಬ್ಯಾಂಕಿನ ಮೂಲಕ ಕಳುಹಿಸುತ್ತೇನೆ. ಹಣ ಕಟ್ಟಿದವರಿಗೆ ಮಾತ್ರ ಬಿಲ್ಟಿ, ಬಿಲ್ಟಿ ಇದ್ದವರಿಗೆ ಮಾತ್ರ ಮಾಲು. ವಿಮೆಯನ್ನು ನಾನೇ ಮಾಡಿಸಿ ಬಿಲ್ಲಿಗೆ ಸೇರಿಸುತ್ತೇನೆ. ಬ್ಯಾಂಕಿನ ಖರ್ಚು ಲೋಡಿಗೆ ಎರಡು-ಮೂರು ಸಾವಿರ. ಇಷ್ಟಕ್ಕೆ ಖರೀದಿದಾರರನ್ನು ಒಪ್ಪಿಸಲು ದರದ ಮಾತಿನಲ್ಲಿ ನಾನು ಏನು ಬಿಟ್ಟುಕೊಡುತ್ತೇನೆ ಎಂಬುದು ನನ್ನಲ್ಲೇ ಇರಲಿ.

ಕಳೆದ ವರ್ಷ ದರ ಕುಸಿದಾಗ ಒಬ್ಬರು ಬಿಲ್ಟಿ ಬಿಡಿಸಲಿಲ್ಲ. ಲಾರಿ ನಾಲ್ಕು ದಿನ ನಿಂತಿತು, ನಿಲುಗಡೆಗೆ ಹನ್ನೆರಡು ಸಾವಿರ ತೆತ್ತೆ. ಮಾಲು ನನ್ನದೇ ಆಗಿದ್ದರಿಂದ ಅದೇ ಊರಿನ ಇನ್ನೊಬ್ಬರಿಗೆ ಮಾರಿದೆ. ದರದ ಇಳಿಕೆಯೂ ಸೇರಿ ಕಳೆದುಕೊಂಡದ್ದು ಒಂದು ಲಕ್ಷದೊಳಗೆ. ಹಳೆಯ ಕ್ರಮದಲ್ಲಿ ಅಷ್ಟೂ ಹಣ ಸಿಕ್ಕಿಬೀಳುತ್ತಿತ್ತು. ಆ ದಲಾಲರು ಈಗ ನನ್ನ ಸೌದಾ ಪತ್ರದ ಪ್ರತಿಯನ್ನು ತರಿಸಿಕೊಂಡಿದ್ದಾರೆ.

ಗುಜರಾತಿನ ವ್ಯಾಪಾರಿಯೊಬ್ಬರಿಗೆ ಇಪ್ಪತ್ತು ಚೀಲ ಚಾಲಿಯನ್ನು (ಬಿಸಿಲಲ್ಲಿ ಒಣಗಿಸಿ ಸುಲಿದ ಬಿಳಿ ಅಡಿಕೆ) ನೋಡಿ ಒಪ್ಪುವ ಷರತ್ತಿನ ಮೇಲೆ ಕಳುಹಿಸಿಯೂ ನೋಡಿದೆ. ಮೊದಲ ಸಲ ಗಡುವು ಬರೆಯದೆ ಕೆಟ್ಟೆ. ಎರಡು ತಿಂಗಳು ಇಟ್ಟುಕೊಂಡು, ದರ ಇಳಿದ ಮೇಲೆ ಹಿಂದಿರುಗಿಸಿದರು. ಎಷ್ಟು ದಿನ ಇಟ್ಟುಕೊಳ್ಳುವುದು ಸಮಂಜಸ ಎಂದು ವಾದಿಸುವ ವ್ಯವಧಾನ ನನಗಿರಲಿಲ್ಲ. ಎರಡನೆಯ ಸಲ ಏಳು ದಿನ ಎಂದು ಬರೆದೆ. ಅವರು ಹತ್ತನೆಯ ದಿನ ಬೇಡವೆಂದರು. 24ನೇ ಕಲಮಿನಂತೆ ಗಡುವು ಮುಗಿದಾಗಲೇ ಮಾಲು ಅವರದಾಗಿದೆ ಎಂದು ಪತ್ರ ಬರೆದೆ. ತಿಂಗಳೊಳಗೆ ಪೂರ್ತಿ ಹಣ ಬಂತು.